ಭಾವನ ಬ್ರನೋ ರೈಫಲ್: ನಳಿಗೆ ಕತ್ತರಿಸಬೇಕೇ, ಬೇಡವೇ?

2023ರ ನವೆಂಬರ್‌ನಲ್ಲಿ ಒಂದು ಭಾನುವಾರ ಬೆಳಗ್ಗೆ ನಮ್ಮ ಅಕ್ಕನ ಮಗ ರೈಫಲ್ ಚೀಲ ಹೆಗಲಿಗೆ ಹಾಕಿಕೊಂಡು ಕುವೆಂಪುನಗರದ ನಮ್ಮ ಮನೆಗೆ ಬಂದ. ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ವಿಷಯಕ್ಕೆ ಬಂದ.

"ಮಾವ, ಇದರ ಬ್ಯಾರಲ್ಲನ್ನ 18 ಇಂಚಿಗೆ ಇಳಿಸಿಬಿಡೋಣ ಅಂತಿದ್ದೀನಿ. ತುದಿಗೆ ತಿರುಪು ಕೊರೆಸಿದರೆ ಮುಂದೆ ಸೈಲೆನ್ಸರ್ ಕೂರಿಸಬಹುದು. ಲೇತ್ ಇಟ್ಟಿರೋರು ಒಬ್ಬರು ಸಿಕ್ಕಿದ್ದಾರೆ. ಅರ್ಧ ಗಂಟೆ ಕೆಲಸ ಅಂದ್ರು."

ನಾನು ಅವನ ಕೈಯಿಂದ ರೈಫಲ್ ತೆಗೆದುಕೊಂಡು ಮೊದಲು ಬೋಲ್ಟ್ ತೆರೆದು ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯೇ ಎಂದು ನೋಡಿದೆ. ಆಮೇಲೆ ಅದನ್ನು ದಿವಾನ್ ಮೇಲೆ ಮಲಗಿಸಿ, "ಲೇತಿನವರಿಗೆ ಅಡ್ವಾನ್ಸ್ ಕೊಟ್ಟಿದ್ದೀಯಾ?" ಎಂದು ಕೇಳಿದೆ. ಇಲ್ಲ ಎಂದ. ಮನಸ್ಸು ಸ್ವಲ್ಪ ಹಗುರಾಯಿತು.

ಆವತ್ತಿನಿಂದ ಸುಮಾರು ನಾಲ್ಕು ತಿಂಗಳು ಈ ಒಂದು ಪ್ರಶ್ನೆಯ ಸುತ್ತ ನಾವಿಬ್ಬರೂ ಓಡಾಡಿದೆವು. ಅಪ್ಪನದೋ ತಾತನದೋ ಹಳೇ ವಿದೇಶಿ ರೈಫಲ್ ಕೈಗೆ ಬಂದು, ಇದನ್ನು ಸ್ವಲ್ಪ ಬದಲಾಯಿಸಿಕೊಳ್ಳೋಣ ಎಂದು ಯೋಚಿಸುವ ಹುಡುಗರು ಮೈಸೂರು, ಮಂಡ್ಯ ಕಡೆ ಇನ್ನೂ ಇರುತ್ತಾರೆ. ಅವರಿಗಾಗಿ ನಡೆದದ್ದನ್ನೆಲ್ಲ ಬರೆದಿಡುತ್ತಿದ್ದೇನೆ. ನಾನು ವಕೀಲನಲ್ಲ. ಬಹಳ ವರ್ಷಗಳಿಂದ ಲೈಸೆನ್ಸ್ ಇಟ್ಟುಕೊಂಡು ಶೂಟಿಂಗ್ ರೇಂಜಿನಲ್ಲಿ .22 ರೈಫಲ್ ಹೊಡೆಯುತ್ತಿರುವವನು, ಅಷ್ಟೆ.

ರೈಫಲ್ ಬಂದ ದಾರಿ

ಅದು ಬ್ರನೋ ಮಾಡೆಲ್ 2. ಜೆಕೊಸ್ಲೊವಾಕಿಯಾದ್ದು. .22 ಲಾಂಗ್ ರೈಫಲ್ ತೋಟಾ ಹಾಕುವ ಬೋಲ್ಟ್ ಆಕ್ಷನ್ ರೈಫಲ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದದ್ದು. ನಳಿಗೆ ಸುಮಾರು 25 ಇಂಚು ಉದ್ದ, ತೂಕ 3 ಕೆ.ಜಿ. ಒಳಗೆ. ವಿದೇಶಿ ಕೋವಿಗಳು ಸಲೀಸಾಗಿ ಆಮದಾಗುತ್ತಿದ್ದ ಕಾಲದಲ್ಲಿ ನಮ್ಮ ದೇಶಕ್ಕೆ ಬಂದ ಮಾಲು. ಭಾವನಿಗೆ ಅವರ ಚಿಕ್ಕಪ್ಪನಿಂದ ಬಂದಿತ್ತು. ಪಾಂಡವಪುರದ ಹತ್ತಿರ ಅವರ ತೋಟ, ಕಬ್ಬಿನ ಗದ್ದೆ. ವರ್ಷಕ್ಕೆ ಒಂದೆರಡು ಸಲ ನನ್ನ ಜೊತೆ ರೇಂಜಿಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ರೈಫಲ್ ಎಣ್ಣೆ ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿ ಇರುತ್ತಿತ್ತು.

2021ರಲ್ಲಿ ಭಾವ ತೀರಿಕೊಂಡರು. ಲೈಸೆನ್ಸ್ ಅವರ ಹೆಸರಿನದು. ಅವರು ಹೋದ ಮೇಲೆ ಆ ರೈಫಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಮನೆಯವರಿಗೆ ತಾನಾಗಿ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡ ಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಡೆಪಾಸಿಟ್ ಮಾಡಬೇಕು. ವೈಕುಂಠ ಸಮಾರಾಧನೆ ಮುಗಿದ ವಾರವೇ ನಾನೇ ನಿಂತು ಮಾಡಿಸಿದೆ. ಅಕ್ಕನಿಗೆ ಆಗ ಬೇಜಾರಾಗಿತ್ತು. "ಅವರು ಹೋದ ಹಿಂದೆಯೇ ಅವರ ಕೋವೀನೂ ಮನೆ ಬಿಟ್ಟು ಹೋಗ್ಬೇಕೇನೋ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಅದೇ ಸರಿ ದಾರಿಯಾಗಿತ್ತು.

ಆಮೇಲೆ ಮಗನ ಹೆಸರಿಗೆ ಅರ್ಜಿ, ಅಕ್ಕ ಮತ್ತು ಮಗಳ ಒಪ್ಪಿಗೆ ಪತ್ರ, ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ. ಹುಡುಗ ಮೈಸೂರಿನಲ್ಲೇ ಮನೆ ಮಾಡಿಕೊಂಡಿರುವುದರಿಂದ ಅರ್ಜಿ ನಗರ ಪೊಲೀಸ್ ಕಮಿಷನರ್ ಕಚೇರಿಗೆ ಹೋಯಿತು. ತೋಟದ ವಿಳಾಸವಾಗಿದ್ದರೆ ಮಂಡ್ಯ ಡಿ.ಸಿ. ಆಫೀಸಿಗೆ ಹೋಗಬೇಕಿತ್ತು. 2023ರಲ್ಲಿ ಲೈಸೆನ್ಸ್ ಕೈಗೆ ಬಂತು. ಅದರಲ್ಲಿ ರೈಫಲ್ಲಿನ ಬೋರ್ (ನಳಿಗೆಯ ಒಳ ಅಳತೆ), ಮೇಕ್, ನಂಬರ್ ಎಲ್ಲ ಬರೆದಿದೆ. ಮುಂದಿನ ಕಥೆಗೆಲ್ಲ ಈ ಒಂದು ಸಾಲೇ ಆಧಾರ.

ಅವನಿಗೆ ಬೇಕಾಗಿದ್ದೇನು?

ಹುಡುಗ ಮೊಬೈಲಿನಲ್ಲಿ ಪಟ್ಟಿ ಮಾಡಿಕೊಂಡು ಬಂದಿದ್ದ. ನಳಿಗೆ ಗಿಡ್ಡ ಮಾಡುವುದು, ತುದಿಗೆ ತಿರುಪು, ಸೈಲೆನ್ಸರ್, ಮರದ ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ ಭಾಗ) ತೆಗೆದು ಪ್ಲಾಸ್ಟಿಕ್ಕಿನ ಹೊಸ ಸ್ಟಾಕ್, ಟೆಲಿಸ್ಕೋಪ್. ಕೊನೆಯಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಮ್ಯಾಗ್ನಂ ಎಂದೂ ಬರೆದಿದ್ದ. ಅಂದರೆ ಚೇಂಬರ್ ಕೊರೆಸಿ ದೊಡ್ಡ ತೋಟಾ ಹಾಕುವಂತೆ ಮಾಡುವುದು.

ಇಷ್ಟೆಲ್ಲ ಯಾಕಪ್ಪಾ ಎಂದು ಕೇಳಿದೆ. ರೇಂಜಿನಲ್ಲಿ 50 ಮೀಟರಿಗೆ ಐದು ಗುಂಡು ಹೊಡೆದರೆ ಅಂಗೈ ಅಗಲ ಚೆದುರುತ್ತವೆ, ಈ ರೈಫಲ್ ಹಳೇದಾಗಿದೆ ಎಂದ. ಜೊತೆಗೆ ತೋಟದಲ್ಲಿ ಹಂದಿ ಕಾಟ ಜಾಸ್ತಿ ಎಂದೂ ಹೇಳಿದ.

ಹಂದಿಯ ಮಾತನ್ನು ಅಲ್ಲೇ ನಿಲ್ಲಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಂದಿಯನ್ನು ಅನುಮತಿ ಇಲ್ಲದೆ ಹೊಡೆಯುವ ಹಾಗಿಲ್ಲ. ಅದೂ ಅಲ್ಲದೆ .22 ತೋಟಾದ ಗುಂಡು 2.6 ಗ್ರಾಂ. ಅದರಲ್ಲಿ ಹಂದಿಗೆ ಹೊಡೆದರೆ ಪ್ರಾಣಿ ಗಾಯ ಮಾಡಿಕೊಂಡು ಕಬ್ಬಿನೊಳಗೆ ನರಳುತ್ತಾ ಬಿದ್ದಿರುತ್ತದೆ. ಅದಕ್ಕಿಂತ ಪಾಪದ ಕೆಲಸ ಇಲ್ಲ. ಹುಡುಗನಿಗೂ ಅದು ಅರ್ಥವಾಯಿತು, ಮತ್ತೆ ಆ ಮಾತು ಎತ್ತಲಿಲ್ಲ. ಹಂದಿ ಹೋದ ಮೇಲೆ ಮ್ಯಾಗ್ನಂ ಕೂಡ ಹೋಯಿತು. ಚೇಂಬರ್ ಕೊರೆಸಿದರೆ ಲೈಸೆನ್ಸಿನಲ್ಲಿ ಬರೆದಿರುವ ಬೋರೇ ಬದಲಾಗುತ್ತದೆ. ಆಗ ಆ ಲೈಸೆನ್ಸ್ ಇನ್ನು ಆ ರೈಫಲ್ಲಿನದಲ್ಲ.

16 ಇಂಚು ಎಂಬ ಲೆಕ್ಕ ಎಲ್ಲಿಂದ ಬಂತು?

"16 ಇಂಚಿಗಿಂತ ಜಾಸ್ತಿ ಇದ್ದರೆ ಕಾನೂನು ಪ್ರಕಾರ ಏನೂ ತೊಂದರೆ ಇಲ್ಲ ಮಾವ. ಅದಕ್ಕೇ 18 ಅಂದಿದ್ದು" ಎಂದು ಅವನು ಧೈರ್ಯವಾಗಿ ಹೇಳಿದ. ಯಾರ ಕಾನೂನು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

ಅಮೆರಿಕದ ವಿಡಿಯೋಗಳನ್ನು ನೋಡಿ ಅವನು ಕಲಿತದ್ದು ಅದು. ಅಲ್ಲಿನ ಕೇಂದ್ರ ಕಾನೂನಿನಲ್ಲಿ ರೈಫಲ್ ನಳಿಗೆ 16 ಇಂಚಿಗಿಂತ ಕಮ್ಮಿ ಆದರೆ ಬೇರೆ ನೋಂದಣಿ ಬೇಕು, 16ರ ಮೇಲಿದ್ದರೆ ಆ ತಕರಾರು ಇಲ್ಲ. ಆಮದಾದ ರೈಫಲ್ ವಿಷಯದಲ್ಲಿ ಅವರಿಗೆ ಇನ್ನೊಂದು ಲೆಕ್ಕವಿದೆ. ವಿದೇಶಿ ಬಂದೂಕು ಕ್ರೀಡೆಗೆ ತಕ್ಕದ್ದೇ ಎಂದು ನೋಡುವ ನಿಯಮ 1968ರ ಕಾಯ್ದೆಯಲ್ಲಿದೆ. 1989ರಲ್ಲಿ ಹಲವು ಸೆಮಿ ಆಟೋಮ್ಯಾಟಿಕ್ (ಗುಂಡು ಹಾರಿದ ಮೇಲೆ ಮುಂದಿನ ತೋಟಾ ತಾನಾಗಿ ಕೂರುವ) ರೈಫಲ್‌ಗಳ ಆಮದು ಈ ಕಾರಣಕ್ಕೆ ನಿಂತಿತು. ಕ್ರೀಡಾ ರೂಪದಲ್ಲಿ ಬಂದದ್ದನ್ನು ಒಳಗೆ ತಂದ ಮೇಲೆ ಬೇರೆ ರೂಪಕ್ಕೆ ತಿರುಗಿಸದಿರಲಿ ಎಂದು 20 ಬಿಡಿಭಾಗಗಳ ಪಟ್ಟಿ ಮಾಡಿದ್ದಾರೆ. ಹಾಗೆ ಜೋಡಿಸಿದ ಸೆಮಿ ಆಟೋಮ್ಯಾಟಿಕ್ ರೈಫಲ್ಲಿನಲ್ಲಿ ಆ ಪಟ್ಟಿಯ ವಿದೇಶಿ ಭಾಗಗಳು 10ಕ್ಕಿಂತ ಹೆಚ್ಚು ಇರಬಾರದು. ಅದಕ್ಕೇ ಅಲ್ಲಿನ ಜನ ಟ್ರಿಗರ್, ಮ್ಯಾಗಜೀನ್, ಸ್ಟಾಕ್ ಎಲ್ಲ ಕಳಚಿ ದೇಶೀ ಭಾಗ ಹಾಕಿ ಲೆಕ್ಕ ಸರಿ ಮಾಡುತ್ತಾರೆ. ಹುಡುಗ ನೋಡುತ್ತಿದ್ದ ವಿಡಿಯೋಗಳಲ್ಲಿ ಅರ್ಧ ಇವೇ.

ಅದು ಅವರ ದೇಶ, ಅವರ ಲೆಕ್ಕ. ಪಾಂಡವಪುರದ ಬ್ರನೋಗೆ ಅದರಿಂದ ಏನೂ ಆಗಬೇಕಾಗಿಲ್ಲ. ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ.

ನಮ್ಮ ಕಾನೂನಿನ ಮೂರು ಸಾಲು

ಆವತ್ತು ಮಧ್ಯಾಹ್ನ ಊಟ ಮುಗಿಸಿ ಶಸ್ತ್ರಾಸ್ತ್ರ ಕಾಯ್ದೆಯ ಪುಸ್ತಕ ಮುಂದಿಟ್ಟುಕೊಂಡು ಕೂತೆವು. ಮೊದಲು 6ನೇ ಸೆಕ್ಷನ್ ಓದಿಸಿದೆ. ಬಂದೂಕಿನ ನಳಿಗೆಯನ್ನು ಗಿಡ್ಡ ಮಾಡುವುದಕ್ಕೆ ಅದಕ್ಕೆಂದೇ ಪಡೆದ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಇದು ಬೇರೆ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಇನ್ನೊಂದು ಮಾತು ಸೇರಿದೆ: 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೇಳಿರುವ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದಕ್ಕೂ ಲೈಸೆನ್ಸ್ ಬೇಕು.

"ಎಷ್ಟು ಇಂಚಿನ ತನಕ ಕತ್ತರಿಸಬಹುದು ಅಂತ ಎಲ್ಲಿದೆ ಮಾವ?" ಎಂದ.

"ಅದೇ ನೋಡು. ಎಲ್ಲೂ ಇಲ್ಲ" ಎಂದೆ.

18 ಇಂಚು, 20 ಇಂಚು, 24 ಇಂಚು ಎಂಬ ಭೇದವೇ ಆ ಸೆಕ್ಷನ್ನಿನಲ್ಲಿ ಇಲ್ಲ. ಆ ಲೈಸೆನ್ಸ್ ಇಲ್ಲದೆ ಗಿಡ್ಡ ಮಾಡಬಾರದು, ಅಷ್ಟೆ. ಶಿಕ್ಷೆ 25ನೇ ಸೆಕ್ಷನ್ನಿನಲ್ಲಿದೆ. 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ 7 ವರ್ಷ, ಜೀವಾವಧಿಯ ತನಕ ಹೋಗಬಹುದು. ಇದನ್ನು ಓದುವಾಗ ಹುಡುಗನ ಮುಖ ನೋಡಿದೆ. ಅವನು ಬೆರಳಿಟ್ಟು ಎರಡು ಸಲ ಓದಿದ. ಲೇತಿನವರು ಅರ್ಧ ಗಂಟೆ ಕೆಲಸ ಎಂದಿದ್ದರಲ್ಲ, ಅವರಿಗೂ ಇದು ಅಂಟಿಕೊಳ್ಳುತ್ತದೆ. ಬಂದೂಕನ್ನು ಬದಲಾಯಿಸುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು ಎಲ್ಲಕ್ಕೂ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಬೇಕು. ಪಾಪ, ಅವರು ಪೈಪ್ ಕತ್ತರಿಸಿದ ಹಾಗೆ ಎಂದುಕೊಂಡಿದ್ದರು.

ಎರಡನೆಯದು ಸೈಲೆನ್ಸರ್. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ 'ಫೈರ್ ಆರ್ಮ್ಸ್' ಎಂದರೇನು ಎಂದು ಹೇಳುವ ಕಡೆ, ಗುಂಡಿನ ಸದ್ದು ಅಥವಾ ಬೆಂಕಿಯ ಮಿಂಚನ್ನು ಕಮ್ಮಿ ಮಾಡಲು ಮಾಡಿದ ಸಾಮಾನನ್ನೂ ಸೇರಿಸಿದ್ದಾರೆ. ಅಂದರೆ ಸೈಲೆನ್ಸರ್ ಎಂಬ ಆ ಕೊಳವೆಯೇ ಕಾನೂನಿನ ಕಣ್ಣಿಗೆ ಒಂದು ಬಂದೂಕು. ಮನೆಯಲ್ಲಿ ಮಾಡಿದರೂ, ವಿದೇಶದಿಂದ ಪಾರ್ಸೆಲ್ ತರಿಸಿದರೂ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡ ಹಾಗೆಯೇ. ಅದೇ ವ್ಯಾಖ್ಯೆಯಲ್ಲಿ ಬಂದೂಕಿನ ಬಿಡಿಭಾಗಗಳೂ ಬರುತ್ತವೆ. ಹಾಗಾಗಿ ಆನ್‌ಲೈನಿನಲ್ಲಿ ವಿದೇಶದಿಂದ ಟ್ರಿಗರ್ ತರಿಸುತ್ತೇನೆ, ಬ್ಯಾರಲ್ ತರಿಸುತ್ತೇನೆ ಎನ್ನುವುದು ಸಾಮಾನು ಖರೀದಿ ಆಗುವುದಿಲ್ಲ, ಶಸ್ತ್ರಾಸ್ತ್ರದ ಆಮದು ಆಗುತ್ತದೆ. ಅದಕ್ಕೆ 10ನೇ ಸೆಕ್ಷನ್ನಿನ ಲೈಸೆನ್ಸ್ ಬೇಕು.

ಮೂರನೆಯದು 8ನೇ ಸೆಕ್ಷನ್. ಬಂದೂಕಿನ ಮೇಲೆ ಕೊರೆದ ಹೆಸರು, ನಂಬರ್, ಗುರುತು ಯಾವುದನ್ನೂ ಅಳಿಸಬಾರದು, ತಿದ್ದಬಾರದು. ಹಳೇ ರೈಫಲ್ಲಿಗೆ ಹೊಸ ಬಣ್ಣ ಹಾಕಿಸುವಾಗ ಪಾಲಿಶ್ ಮಾಡುವವರು ಉತ್ಸಾಹದಲ್ಲಿ ನಂಬರನ್ನೇ ಉಜ್ಜಿಬಿಡುತ್ತಾರೆ. ನಮ್ಮ ಪಟ್ಟಿಯಲ್ಲಿ ಇದು ಇರಲಿಲ್ಲ, ಆದರೂ ಹುಡುಗನಿಗೆ ಹೇಳಿಟ್ಟೆ.

ಮಡಿಕೇರಿ ಕಡೆಯ ಅವನ ಗೆಳೆಯನೊಬ್ಬ "ನಮಗೆ ಲೈಸೆನ್ಸೇ ಬೇಡವಲ್ಲ" ಎಂದಿದ್ದನಂತೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ, 2029ರ ತನಕ ಮುಂದುವರಿದಿದೆ. ಅದು ಅವರ ಸಂಪ್ರದಾಯಕ್ಕೆ ಸಿಕ್ಕ ಮರ್ಯಾದೆ. ಆ ಮಾತು ನಮ್ಮ ಅಕ್ಕನ ಮಗನಿಗೆ ಅನ್ವಯಿಸುವುದಿಲ್ಲ.

ಕತ್ತರಿಸಿದರೆ ಲಾಭವಾದರೂ ಇದೆಯೇ?

ಕಾನೂನು ಬೇಡ ಎಂದಿತು, ಸರಿ. ಆದರೆ ಹುಡುಗನ ಮನಸ್ಸಿನಲ್ಲಿ "ಆಗಿದ್ದರೆ ಚೆನ್ನಾಗಿತ್ತು" ಎಂಬ ಆಸೆ ಉಳಿಯಬಾರದು ಎಂದು ನನಗೆ ಅನಿಸಿತು. ಅದಕ್ಕೆ ಈ ಮಾತನ್ನೂ ಪೂರ್ತಿ ಆಡಿದೆವು.

.22 ತೋಟಾದಲ್ಲಿರುವ ಮದ್ದು ಚಿಟಿಕೆಯಷ್ಟು. ನಳಿಗೆಯ ಮೊದಲ 16, 18 ಇಂಚಿನಲ್ಲೇ ಅದರ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತದೆ. ಉಳಿದ ಉದ್ದದಲ್ಲಿ ವೇಗ ಅಷ್ಟೇನೂ ಹೆಚ್ಚುವುದಿಲ್ಲ, ಆದರೆ ಒತ್ತಡ ಇಳಿಯುತ್ತದೆ. ಅದಕ್ಕೇ 25 ಇಂಚಿನ ನಳಿಗೆಯ ಸದ್ದು ಗಿಡ್ಡ ನಳಿಗೆಯ ಸದ್ದಿಗಿಂತ ಮೆತ್ತಗೆ. ಸದ್ದು ಕಮ್ಮಿ ಆಗಬೇಕು ಎನ್ನುವವನು ನಳಿಗೆ ಕತ್ತರಿಸಿದರೆ ಸದ್ದನ್ನು ತಾನೇ ಜಾಸ್ತಿ ಮಾಡಿಕೊಂಡ ಹಾಗೆ, ಅಲ್ವಾ? ಶಬ್ದದ ವೇಗಕ್ಕಿಂತ ಕೆಳಗಿರುವ ಸ್ಟ್ಯಾಂಡರ್ಡ್ ತೋಟಾ ಹಾಕಿದರೆ ಆ ಚಟೀರ್ ಎನ್ನುವ ಸದ್ದು ಇರುವುದೇ ಇಲ್ಲ.

ಇನ್ನು ಗುರಿ. ಮುಂದಿನ ಮಕ್ಷಿ (ಗುರಿ ನೋಡುವ ಮುಳ್ಳು) ನಳಿಗೆಯ ತುದಿಯಲ್ಲಿದೆ. ನಳಿಗೆ ಕತ್ತರಿಸಿದರೆ ಅದೂ ಹೋಗುತ್ತದೆ. ಹಿಂದಕ್ಕೆ ತಂದು ಮತ್ತೆ ಕೂರಿಸಿದರೆ ಎರಡು ಮಕ್ಷಿಗಳ ನಡುವಿನ ಅಂತರ ಕಮ್ಮಿಯಾಗಿ ಕಣ್ಣಿನ ಸಣ್ಣ ತಪ್ಪು ಗುರಿಯಲ್ಲಿ ದೊಡ್ಡದಾಗುತ್ತದೆ. 50 ಮೀಟರ್ ಸ್ಪರ್ಧೆಯ ಗುರಿಯಲ್ಲಿ ಹತ್ತರ ವೃತ್ತ 10.4 ಮಿ.ಮೀ. ಅಷ್ಟು ಸಣ್ಣದಕ್ಕೆ ಹೊಡೆಯುವವನು ಅಂತರ ಕಳೆದುಕೊಳ್ಳಬಾರದು. ಮುಂದೆ ಸ್ಪರ್ಧೆಗೆ ಹೋಗುವ ಆಸೆ ಅವನಿಗಿದೆ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಲ್ಲಿ ನಳಿಗೆಯ ತುದಿಗೆ ಹಾಕುವ ಮಜಲ್ ಬ್ರೇಕ್, ಕಾಂಪೆನ್ಸೇಟರ್ ಯಾವುದಕ್ಕೂ ಅವಕಾಶವಿಲ್ಲ, ಟೆಲಿಸ್ಕೋಪಿಗೂ ಇಲ್ಲ. ತುದಿಗೆ ತಿರುಪು ಕೊರೆಸಿ ಅವನು ಏನು ಕೂರಿಸುತ್ತಿದ್ದ?

ಹತ್ತಿ ಎಳೆ ಸಿಕ್ಕಿಕೊಂಡ ಜಾಗ

ಹಾಗಾದರೆ ಗುಂಡು ಚೆದುರುವುದು ಯಾಕೆ? ಇದು ನಿಜವಾದ ಪ್ರಶ್ನೆ. ಮುಂದಿನ ಭಾನುವಾರ ರೈಫಲ್ಲನ್ನು ಬೆಳಕಿಗೆ ಹಿಡಿದು ಕೂತೆವು.

ಸ್ಟಾಕಿಗೆ ಆಕ್ಷನ್ (ಬೋಲ್ಟ್ ಕೂರುವ ಲೋಹದ ಭಾಗ) ಬಿಗಿಯುವ ಸ್ಕ್ರೂಗಳನ್ನು ಮುಟ್ಟಿ ನೋಡಿದೆ. ಮುಂದಿನದು ಅರ್ಧ ಸುತ್ತು ಸಡಿಲ. ಬೋಲ್ಟ್ ತೆಗೆದು ಒಳಗೆ ನೋಡಿದರೆ ಚೇಂಬರಿನ ಮುಂದೆ ಸೀಸ ಮತ್ತು ಮೇಣ ಕಪ್ಪಗೆ ಗಟ್ಟಿಯಾಗಿ ಕೂತಿತ್ತು. ಚೇಂಬರಿನ ಬಾಯಿಯ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಸಣ್ಣ ತಗ್ಗು. ತೋಟಾ ಇಲ್ಲದೆ ಟ್ರಿಗರ್ ಒತ್ತಿ ಒತ್ತಿ ಪಿನ್ ಅಲ್ಲಿ ಬಡಿದ ಗುರುತು. ರಿಮ್‌ಫೈರ್ ರೈಫಲ್ಲಿನಲ್ಲಿ, ಅಂದರೆ ಪಿನ್ ತೋಟಾದ ಅಂಚಿಗೆ ಬಡಿಯುವ ಇಂಥ ರೈಫಲ್ಲಿನಲ್ಲಿ, ಹಾಗೆ ಮಾಡಬಾರದು. ಹುಡುಗ ತಲೆ ತಗ್ಗಿಸಿದ. ಅಷ್ಟೇನೂ ಆಳವಿರಲಿಲ್ಲ, ಇನ್ನು ಮೇಲೆ ಮಾಡಬೇಡ ಎಂದೆ.

ಕೊನೆಗೆ ನಳಿಗೆಯ ತುದಿ. ಕಿವಿ ಕಡ್ಡಿಯ ಹತ್ತಿಯನ್ನು ಬಾಯಿಯ ಒಳಗಿಟ್ಟು ನಿಧಾನವಾಗಿ ಹೊರಕ್ಕೆ ಎಳೆದೆ. ಸುತ್ತಲೂ ಹೀಗೇ ಮಾಡುತ್ತಾ ಬಂದೆ. ಗಡಿಯಾರದ ಏಳು ಗಂಟೆ ಇರುವ ಜಾಗದಲ್ಲಿ ಹತ್ತಿಯ ಒಂದು ಎಳೆ ಸಿಕ್ಕಿಕೊಂಡು ಉಳಿಯಿತು. ಭೂತಗನ್ನಡಿ ಹಿಡಿದರೆ ಅಲ್ಲಿ ಕೂದಲಿನಷ್ಟು ಉಬ್ಬು. ಗುಂಡು ನಳಿಗೆ ಬಿಡುವ ಕೊನೆಯ ಕ್ಷಣದಲ್ಲಿ ಅದರ ಹಿಂದಿನ ಅನಿಲ ಎಲ್ಲ ಕಡೆಯಿಂದ ಒಂದೇ ಸಮ ಹೊರಗೆ ಬರಬೇಕು. ಒಂದು ಕಡೆ ಅಂಚು ಕೆಟ್ಟಿದ್ದರೆ ಗುಂಡು ಓಲಾಡುತ್ತದೆ.

ಅದು ಯಾಕೆ ಕೆಟ್ಟಿತು ಎನ್ನುವುದು ನನಗೆ ತಕ್ಷಣ ಗೊತ್ತಾಯಿತು. ಭಾವ ಮೂರು ತುಂಡಿನ ಉಕ್ಕಿನ ಕಡ್ಡಿಯಲ್ಲಿ ಯಾವಾಗಲೂ ಮುಂದಿನಿಂದಲೇ ನಳಿಗೆ ಒರೆಸುತ್ತಿದ್ದರು. ಈ ರೈಫಲ್ಲಿನ ಬೋಲ್ಟ್ ಟ್ರಿಗರ್ ಒತ್ತಿ ಹಿಂದಕ್ಕೆ ಎಳೆದರೆ ಬಂದುಬಿಡುತ್ತದೆ, ಹಿಂದಿನಿಂದ ಒರೆಸಬಹುದಿತ್ತು. ಜಗಲಿಯ ಮೇಲೆ ಕೂತು, ಪ್ರೀತಿಯಿಂದ, ವರ್ಷಾನುಗಟ್ಟಲೆ ಒರೆಸಿದ್ದರು. ಆ ಕಡ್ಡಿ ಉಜ್ಜಿದ ಗುರುತು ಅದು.

ಒಂದು ಮಿಲಿಮೀಟರಿನ ಕಷ್ಟ

ಈಗ ಬಂತು ನೋಡಿ, ಇಡೀ ಪ್ರಕರಣದ ಗಂಟು. ಕೆಟ್ಟ ತುದಿಯನ್ನು ಸರಿ ಮಾಡುವ ರೂಢಿಯ ಕ್ರಮ ಎಂದರೆ ಲೇತಿಗೆ ಹಾಕಿ ತುದಿಯನ್ನು ಒಂದೆರಡು ಮಿ.ಮೀ. ತೆಗೆದು ಹೊಸ ಅಂಚು ಕಟ್ಟುವುದು. ಇದು ರಿಪೇರಿ. ಆದರೆ ನಳಿಗೆ ಒಂದೆರಡು ಮಿ.ಮೀ. ಗಿಡ್ಡವಾಗುವುದೂ ನಿಜ. ಸೆಕ್ಷನ್ನಿನಲ್ಲಿ ಅಳತೆ ಇಲ್ಲ ಎಂದು ಹುಡುಗನಿಗೆ ನಾನೇ ಹೇಳಿದ್ದೆ. ಈಗ ಅದೇ ಮಾತನ್ನು ಅವನು ನನಗೆ ತಿರುಗಿಸಿ ಕೇಳಿದ: "ಇದು ಗಿಡ್ಡ ಮಾಡಿದ ಹಾಗಲ್ವಾ ಮಾವ?"

ನಾನು ಒಂದು ರಾತ್ರಿ ಯೋಚಿಸಿದೆ. ಬಂದೂಕನ್ನು ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳುವಂತೆ ಮೊಟಕು ಮಾಡುವವರನ್ನು ತಡೆಯಲು ಬಂದ ಸೆಕ್ಷನ್ ಅದು ಎಂಬುದು ನನ್ನ ತಿಳಿವಳಿಕೆ. ಒಂದು ಮಿ.ಮೀ. ಅಂಚು ತೆಗೆದವನನ್ನು ಅದು ಹುಡುಕುತ್ತಿಲ್ಲ. ಆದರೆ ಅದನ್ನು ಹೇಳಬೇಕಾದವನು ನಾನಲ್ಲ. ಕನಿಷ್ಠ 7 ವರ್ಷದ ಶಿಕ್ಷೆ ಇರುವ ಸೆಕ್ಷನ್ನಿಗೆ ನನ್ನ ತಿಳಿವಳಿಕೆ ನಂಬಿಕೊಂಡು ಅಕ್ಕನ ಮಗನನ್ನು ಕಳಿಸಲು ನನಗೆ ಮನಸ್ಸಾಗಲಿಲ್ಲ. ಮೊದಲು ತುದಿ ಮುಟ್ಟದೆ ಏನು ಆಗುತ್ತದೋ ಅದೆಲ್ಲ ಮಾಡೋಣ ಎಂದೆ.

ಚೇಂಬರ್ ಒಳಗಿನ ಸೀಸವನ್ನು ಹಿಂದಿನಿಂದ ಕಂಚಿನ ಬ್ರಷ್ ಹಾಕಿ ತೆಗೆದೆವು. ಸ್ಕ್ರೂ ಬಿಗಿ ಮಾಡಿದೆವು. ಆಮೇಲೆ ರಿಪೇರಿ ಲೈಸೆನ್ಸ್ ಇರುವ ಹಿರಿಯ ಗನ್‌ಸ್ಮಿತ್ ಒಬ್ಬರ ಹತ್ತಿರ ಹೋದೆವು. ಅವರು ತುದಿ ನೋಡಿ, ಕತ್ತರಿಸುವುದೇ ಬೇಡ, ಉಬ್ಬನ್ನು ಮಾತ್ರ ನಯ ಮಾಡಿದರೆ ಸಾಕು ಎಂದರು. ಕೆಲಸಕ್ಕೆ ಮೊದಲು ನಳಿಗೆಯ ಉದ್ದ ಅಳೆದು ರಿಜಿಸ್ಟರಿನಲ್ಲಿ ಬರೆದರು. ಮುಗಿದ ಮೇಲೆ ಹುಡುಗನ ಕೈಗೇ ಟೇಪ್ ಕೊಟ್ಟು ಅಳೆಸಿದರು. ಅದೇ ಅಳತೆ. ರಸೀದಿಯಲ್ಲಿ ರೈಫಲ್ ನಂಬರ್, ಮಾಡಿದ ಕೆಲಸ, 'ನಳಿಗೆಯ ಉದ್ದದಲ್ಲಿ ಬದಲಾವಣೆ ಇಲ್ಲ' ಎಂದು ಬರೆದು ಸಹಿ ಹಾಕಿದರು. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರನ್ನು ನೋಡಿ ನನಗೆ ಬಹಳ ಸಂತೋಷವಾಯಿತು. ಆ ರಸೀದಿ ಈಗ ಲೈಸೆನ್ಸ್ ಫೈಲಿನಲ್ಲಿದೆ.

ಉಳಿದದ್ದು ಸ್ಟಾಕ್. ಹುಡುಗ ಆರಡಿ ಎತ್ತರ, ಸ್ಟಾಕ್ ಅವನಿಗೆ ಗಿಡ್ಡ. ಪ್ಲಾಸ್ಟಿಕ್ ಸ್ಟಾಕ್ ತರಿಸುವ ಯೋಚನೆ ಅವನೇ ಬಿಟ್ಟ. ಅದಕ್ಕೆ ಕಾರಣ ಅಕ್ಕ. ಒಂದು ದಿನ ಅವಳು ರೈಫಲ್ಲಿನ ಮರದ ಮೇಲೆ ಕೈಯಾಡಿಸಿ, ಭಾವನ ಕೆನ್ನೆ ತಾಗಿ ತಾಗಿ ಹೊಳಪಾದ ಜಾಗದಲ್ಲಿ ಬೆರಳು ನಿಲ್ಲಿಸಿದಳು. ಏನೂ ಹೇಳಲಿಲ್ಲ. ಅದೇ ಗನ್‌ಸ್ಮಿತ್ ಹಿಂದಿನ ಪ್ಲೇಟಿನ ಕೆಳಗೆ ಎರಡು ತೆಳು ಮರದ ಬಿಲ್ಲೆ ಕೊಟ್ಟು ಉದ್ದ ಸರಿ ಮಾಡಿದರು. ಸ್ಕ್ರೂಡ್ರೈವರ್ ಹಿಡಿದು ಐದು ನಿಮಿಷದಲ್ಲಿ ಮೊದಲಿನ ಹಾಗೆ ಮಾಡಬಹುದು. ಹಳೇ ರೈಫಲ್ಲಿಗೆ ಏನೇ ಮಾಡಿಸುವುದಿದ್ದರೂ ನಾನು ಈಗ ಮೊದಲು ನೋಡುವುದು ಇದನ್ನೇ, ಸ್ಕ್ರೂ ಬಿಚ್ಚಿದರೆ ಹಳೇ ರೂಪ ವಾಪಸ್ ಬರುತ್ತದೆಯೇ ಎಂದು.

2024ರ ಮಾರ್ಚ್ ಮೊದಲ ವಾರ ರೇಂಜಿಗೆ ಹೋದೆವು. ಐದು ಗುಂಡು, 50 ಮೀಟರ್. ಟೀ ಲೋಟದ ಬಾಯಿ ಮುಚ್ಚುವಷ್ಟು ಜಾಗದಲ್ಲಿ ಐದೂ ಕೂತಿದ್ದವು. ಹುಡುಗ ಆ ಕಾಗದವನ್ನು ಮಡಿಸದೆ ಸುರುಳಿ ಸುತ್ತಿ ಅಮ್ಮನಿಗೆ ತೋರಿಸಲು ತೆಗೆದುಕೊಂಡು ಹೋದ.

ಅದಾಗಿ ಎರಡು ವಾರಕ್ಕೆ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಬಂತು. ಕೋವಿಗಳನ್ನೆಲ್ಲ ಡೆಪಾಸಿಟ್ ಮಾಡಲು ಹೇಳಿದರು. ನಾವಿಬ್ಬರೂ ಒಟ್ಟಿಗೆ ಠಾಣೆಗೆ ಹೋದೆವು. ಹೆಡ್ ಕಾನ್ಸ್‌ಟೇಬಲ್ ಕನ್ನಡಕ ಹಣೆಗೇರಿಸಿ, ರೈಫಲ್ಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಅದರ ಮೇಲಿನ ನಂಬರನ್ನು ಒಂದೊಂದೇ ಅಂಕಿ ಜೋರಾಗಿ ಓದಿದರು. ಹುಡುಗ ಲೈಸೆನ್ಸ್ ಪುಸ್ತಕದಲ್ಲಿ ಬೆರಳಿಟ್ಟು ಪ್ರತಿ ಅಂಕಿಗೂ "ಹೌದು ಸಾರ್" ಎನ್ನುತ್ತಾ ನಿಂತಿದ್ದ.